ಬರ್ಮೀಸ್ ಭಾಷೆಯ ಇತಿಹಾಸಕ್ಕಾಗಿ ತೌಲನಿಕ ಪದಪಟ್ಟಿ ಸಿದ್ಧಪಡಿಸುವ ಬಗೆ

ಬರ್ಮೀಸ್ ಭಾಷೆಗೆ ಸುಮಾರು ಒಂಬೈನೂರು ವರ್ಷಗಳ ಬರಹದ ದಾಖಲೆಯಿದೆ. ಟಿಬೆಟೋ-ಬರ್ಮನ್ ಕುಟುಂಬದಲ್ಲಿ ಟಿಬೆಟನ್, ಟಾಂಗುಟ್ ಮುಂತಾದ ಕೆಲವೇ ಭಾಷೆಗಳನ್ನು ಬಿಟ್ಟರೆ ಇಷ್ಟು ಹಳೆಯ ಬರಹದ ಪರಂಪರೆ ಬೇರೆ ಭಾಷೆಗಳಿಗಿಲ್ಲ. ಆದ್ದರಿಂದ ಈ ಕುಟುಂಬದ ಇತಿಹಾಸವನ್ನು ಅಭ್ಯಸಿಸುವವರೆಲ್ಲರೂ ಒಂದಲ್ಲ ಒಂದು ಹಂತದಲ್ಲಿ ಬರ್ಮೀಸ್ ಪದಗಳ ಪಟ್ಟಿಯೊಂದನ್ನು ಕಟ್ಟಿಕೊಳ್ಳಬೇಕಾಗುತ್ತದೆ. ಪಟ್ಟಿ ಮಾಡುವುದು ಯಾಂತ್ರಿಕ ಕೆಲಸ, ನಿಜವಾದ ಸಂಶೋಧನೆ ಆಮೇಲಿನದು ಎಂಬ ಭಾವನೆ ವಿದ್ಯಾರ್ಥಿಗಳಲ್ಲಿ ಸಾಮಾನ್ಯವಾಗಿದೆ. ಆದರೆ ಯಾವ ರೂಪ ಕಲ್ಲಿನ ಮೇಲೆ ಕಂಡದ್ದು, ಯಾವುದು ಇಂದಿನ ಕಾಗುಣಿತದ್ದು, ಯಾವುದು ಕಿವಿಗೆ ಕೇಳಿದ್ದು, ಯಾವುದು ವಿದ್ವಾಂಸರ ಊಹೆ ಎಂಬ ಭೇದವನ್ನು ಪಟ್ಟಿಯಲ್ಲೇ ಕಾಯ್ದುಕೊಳ್ಳದಿದ್ದರೆ ಮುಂದಿನ ವಿಶ್ಲೇಷಣೆ ಎಷ್ಟೇ ಚತುರವಾಗಿದ್ದರೂ ನಿಲ್ಲುವುದಿಲ್ಲ. ಈ ಲೇಖನದ ಹಂತಗಳೆಲ್ಲವೂ ಈ ಭೇದವನ್ನು ಉಳಿಸಿಕೊಳ್ಳುವ ಉಪಾಯಗಳೇ ಆಗಿವೆ.

ಕೆಳಗೆ ಬರ್ಮೀಸ್ ಮತ್ತು ಟಿಬೆಟನ್ ರೂಪಗಳನ್ನು ಅಕ್ಷರಕ್ಕೆ ಅಕ್ಷರ ಹೊಂದಿಸಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಬರ್ಮೀಸ್ ಲಿಪಿಯೂ ಕನ್ನಡ ಲಿಪಿಯೂ ಬ್ರಾಹ್ಮಿಯಿಂದ ಬಂದವಾದ್ದರಿಂದ ಬರ್ಮೀಸ್ ಲಿಪಿಯ ವರ್ಗಾಕ್ಷರಗಳಿಗೆ, ವಿಸರ್ಗಕ್ಕೆ, ಕಡೆಗೆ ಳಕಾರಕ್ಕೂ ನಮ್ಮಲ್ಲಿ ನೇರ ಪ್ರತಿರೂಪಗಳಿವೆ.

ಮೊದಲ ಹಂತ: ಪ್ರಶ್ನೆ ಮತ್ತು ಅರ್ಥಗಳ ಆಯ್ಕೆ

ಪಟ್ಟಿ ಯಾವ ಪ್ರಶ್ನೆಗೆ ಉತ್ತರ ಹುಡುಕುತ್ತಿದೆ ಎಂಬುದನ್ನು ಮೊದಲು ಬರೆದಿಟ್ಟುಕೊಳ್ಳಿ. ಹಳೆಯ ಬರ್ಮೀಸಿನ ಧ್ವನಿವ್ಯವಸ್ಥೆಯನ್ನು ತಿಳಿಯುವುದು ಗುರಿಯಾದರೆ ಶಾಸನಗಳೂ ರಖೈನ್, ದವೇ, ಇಂಥಾ, ದನು ಮುಂತಾದ ಉಪಭಾಷೆಗಳೂ ಸಾಕಾಗಬಹುದು. ಬರ್ಮಿಶ್ ಗುಂಪಿನ, ಅಂದರೆ ಬರ್ಮೀಸ್ ಮತ್ತು ಅದರ ನಿಕಟ ಸೋದರ ಭಾಷೆಗಳ, ಮೂಲಭಾಷೆಯನ್ನು ಪುನಾರಚಿಸುವುದಾದರೆ ಮ್ಯಾನ್ಮಾರಿನ ಕಚಿನ್ ರಾಜ್ಯದಲ್ಲಿಯೂ ಚೀನಾದ ಯುನ್ನಾನ್ ಪ್ರಾಂತದಲ್ಲಿಯೂ ಇರುವ ಜೈವಾ, ಲಾಶಿ, ಮಾರು, ಅಚಾಂಗ್, ಬೋಲಾ ಭಾಷೆಗಳು ಬೇಕು. ಕುಟುಂಬದ ಆಳಕ್ಕೆ ಇಳಿಯುವುದಾದರೆ ಲಾಹು, ಲಿಸು, ಅಖಾಗಳ ಜೊತೆಗೆ ಬರಹದ ಟಿಬೆಟನ್ ಮತ್ತು ಹಳೆಯ ಚೀನೀ ರೂಪಗಳೂ ಸೇರಬೇಕಾಗುತ್ತದೆ. ಮೂರನ್ನೂ ಒಟ್ಟಿಗೆ ಹಿಡಿಯಲು ಹೋದ ಪಟ್ಟಿಗಳು ಅರ್ಧದಲ್ಲಿ ನಿಲ್ಲುವುದೇ ಹೆಚ್ಚು.

ಅರ್ಥಗಳ ಆಯ್ಕೆಗೆ ಭಾಷಾವಿಜ್ಞಾನಿ ಮೋರಿಸ್ ಸ್ವದೇಶ್ ಅವರ ನೂರು ಮೂಲಭೂತ ಪದಗಳ ಪಟ್ಟಿ ಎಲ್ಲರಿಗೂ ಗೊತ್ತಿರುವಂಥದ್ದು, ಆದರೆ ಅದು ಆಗ್ನೇಯ ಏಷ್ಯಾಕ್ಕೆ ಸರಿಯಾಗಿ ಹೊಂದುವುದಿಲ್ಲ. ಜೇಮ್ಸ್ ಮ್ಯಾಟಿಸಾಫ್ ಅವರು 1978ರಲ್ಲಿ ಈ ಪ್ರದೇಶದ ಬದುಕಿಗೆ ಒಪ್ಪುವ ಇನ್ನೂರು ಅರ್ಥಗಳ ಪಟ್ಟಿಯೊಂದನ್ನು ಮುಂದಿಟ್ಟರು. ನೀವು ಅದನ್ನು ತಳಹದಿಯಾಗಿ ಇಟ್ಟುಕೊಂಡು ಅದಕ್ಕೆ ಬೇಸಾಯ, ನೇಯ್ಗೆ, ಬಂಧುಸೂಚಕ ಪದಗಳನ್ನು ಸೇರಿಸಿ ಮುನ್ನೂರರ ಸುಮಾರಿಗೆ ನಿಲ್ಲಿಸುವುದು ಒಳ್ಳೆಯದು. ಹಿಮದಂತಹ ಅರ್ಥಗಳನ್ನು ಬಿಡಬಹುದು; ಬರ್ಮೀಸಿನಲ್ಲಿ ಅದಕ್ಕೆ ಸಿಗುವ ಪದವು ಇಬ್ಬನಿಗೂ ಸಲ್ಲುತ್ತದೆಯಾದ್ದರಿಂದ ಹೋಲಿಕೆ ಆರಂಭದಲ್ಲೇ ಮಸುಕಾಗುತ್ತದೆ.

ಅರ್ಥವನ್ನು ಸ್ಪಷ್ಟವಾಗಿ ಬರೆಯುವಲ್ಲಿ ಇಂಗ್ಲಿಷಿಗಿಂತ ಕನ್ನಡವೇ ಹಲವು ಕಡೆ ಹೆಚ್ಚು ನೆರವಾಗುತ್ತದೆ. ಬರ್ಮೀಸಿನಲ್ಲಿ ಭತ್ತಕ್ಕೆ ‘ಚಪಾಃ’, ಅಕ್ಕಿಗೆ ‘ಛನ್’, ಅನ್ನಕ್ಕೆ ‘ಥಮಙ್ಃ’ ಎಂಬ ಬೇರೆಬೇರೆ ಪದಗಳಿವೆ. ಇಂಗ್ಲಿಷಿನ ಒಂದೇ ಪದವನ್ನು ಹಿಡಿದು ಕೇಳಿದರೆ ಒಂದು ಭಾಷೆಯಿಂದ ಭತ್ತದ ಪದವೂ ಇನ್ನೊಂದರಿಂದ ಅನ್ನದ ಪದವೂ ಬಂದು ಒಂದೇ ಸಾಲಿನಲ್ಲಿ ಕೂರುತ್ತವೆ. ಬಂಧುಸೂಚಕಗಳಲ್ಲಿ ಕನ್ನಡವೂ ಸಾಲದು. ತಮ್ಮನಿಗೆ ಗಂಡಸು ಬಳಸುವ ಪದ ‘ಞೀ’, ಹೆಂಗಸು ಬಳಸುವ ಪದ ‘ಮೋಙ್’. ಆದ್ದರಿಂದ ಅರ್ಥದ ಅಂಕಣದಲ್ಲಿ ‘ತಮ್ಮ, ಮಾತಾಡುವವರು ಗಂಡಸು’ ಎಂದೇ ಬರೆಯಿರಿ. ಪ್ರತಿ ಅರ್ಥಕ್ಕೂ ಕಾನ್ಸೆಪ್ಟಿಕಾನ್ ಎಂಬ ಮುಕ್ತ ಸೂಚಿಯ ಸಂಖ್ಯೆಯನ್ನು ಸೇರಿಸಿಕೊಂಡರೆ ನಿಮ್ಮ ಪಟ್ಟಿಯನ್ನು ಇತರರ ಪಟ್ಟಿಗಳೊಂದಿಗೆ ಕೂಡಿಸುವುದು ಮುಂದೆ ಸುಲಭವಾಗುತ್ತದೆ.

ಎರಡನೆಯ ಹಂತ: ಆಕರಗಳನ್ನು ಕಾಲಕ್ಕೆ ತಕ್ಕಂತೆ ವಿಂಗಡಿಸುವುದು

ಬರ್ಮೀಸ್ ಪಟ್ಟಿಯ ನಿಜವಾದ ಸಂಪತ್ತು ಶಾಸನಗಳಲ್ಲಿದೆ. ಬರ್ಮಾದ ಹಳೆಯ ರಾಜಧಾನಿ ಬಗಾನ್ ಬಳಿಯ ಮ್ಯಿಂಕಬಾ ಗ್ರಾಮದ ಮ್ಯಜೇದಿ ಶಾಸನವು 1112–13ರ ಕಾಲದ್ದು. ರಾಜಕುಮಾರನೆಂಬ ಅರಸುಮಗನು ಸಾಯುತ್ತಿದ್ದ ತನ್ನ ತಂದೆ ಚಾನ್‌ಜಿತ್ತನಿಗಾಗಿ ಬುದ್ಧನ ಚಿನ್ನದ ಪ್ರತಿಮೆ ಮಾಡಿಸಿ ದಾನ ಕೊಟ್ಟ ವಿವರವನ್ನು ಕಲ್ಲಿನ ನಾಲ್ಕು ಮುಖಗಳ ಮೇಲೆ ಪಾಳಿ, ಪ್ಯೂ, ಮೋನ್ ಮತ್ತು ಬರ್ಮೀಸ್ ಭಾಷೆಗಳಲ್ಲಿ ಅದು ಹೇಳುತ್ತದೆ. ಒಂದೇ ವಿಷಯ ನಾಲ್ಕು ಭಾಷೆಗಳಲ್ಲಿ ಇರುವುದರಿಂದ ಪದಗಳ ಅರ್ಥ ಗಟ್ಟಿಯಾಗಿ ನಿಲ್ಲುತ್ತದೆ. ಈ ಅನುಕೂಲದಿಂದಲೇ ಬ್ಲಾಗ್ಡೆನ್ ಅವರು 1911ರಲ್ಲಿ ಪ್ಯೂ ಲಿಪಿಯನ್ನು ಓದಲು ಸಾಧ್ಯವಾಯಿತು. 2015ರಲ್ಲಿ ಯುನೆಸ್ಕೋ ಈ ಶಾಸನವನ್ನು ವಿಶ್ವಸ್ಮೃತಿ ದಾಖಲೆಗಳ ಸಾಲಿಗೆ ಸೇರಿಸಿತು. ಬಗಾನ್ ಕಾಲದ ಉಳಿದ ಶಾಸನಗಳಿಗೆ ಪೇ ಮೌಂಗ್ ಟಿನ್ ಮತ್ತು ಲ್ಯೂಸ್ ಅವರು 1933ರಿಂದ 1956ರವರೆಗೆ ಹೊರತಂದ ಪಡಿಯಚ್ಚುಗಳ ಐದು ಸಂಪುಟಗಳೇ ಮುಖ್ಯ ಆಧಾರ.

ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಮೊದಲನೆಯದು ನಕಲುಗಳದ್ದು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಬೋದೋಪಯಾ ದೊರೆಯು ಹಳೆಯ ಶಾಸನಗಳನ್ನು ಸಂಗ್ರಹಿಸಿ ಹೊಸ ಕಲ್ಲುಗಳ ಮೇಲೆ ನಕಲು ಮಾಡಿಸಿದನು. ಆ ನಕಲುಗಳಲ್ಲಿ ಕಾಗುಣಿತ ನಕಲುಗಾರರ ಕಾಲಕ್ಕೆ ತಕ್ಕಂತೆ ಬದಲಾಗಿದೆ. ಶಾಸನದ ತೇದಿ ಹದಿಮೂರನೆಯ ಶತಮಾನದ್ದೆಂದು ಕಂಡರೂ ಕಲ್ಲು ಹದಿನೆಂಟನೆಯ ಶತಮಾನದ್ದಾದರೆ ಆ ರೂಪವನ್ನು ಹಳೆಯ ಬರ್ಮೀಸ್ ಎಂದು ದಾಖಲಿಸಬಾರದು. ತೇದಿಗೂ ಕಲ್ಲಿನ ಕಾಲಕ್ಕೂ ಎರಡು ಪ್ರತ್ಯೇಕ ಅಂಕಣಗಳಿರಲಿ. ಎರಡನೆಯದು ಶಕೆಯದ್ದು. ಬರ್ಮೀಸ್ ಶಾಸನಗಳ ‘ಸಕ್ಕರಾಜ’ ವರ್ಷಕ್ಕೆ 638 ಕೂಡಿಸಿದರೆ ಕ್ರಿಸ್ತಶಕ ಸಿಗುತ್ತದೆ. ಅಲ್ಲಿ ಹೊಸವರ್ಷ ಏಪ್ರಿಲಿನಲ್ಲಿ ಬರುವುದರಿಂದ ವರ್ಷದ ಕೊನೆಯ ತಿಂಗಳುಗಳಿಗೆ 639 ಕೂಡಿಸಬೇಕು. ನಮ್ಮ ಶಾಸನಗಳ ಶಕವರ್ಷಕ್ಕೆ 78 ಕೂಡಿಸಿ ಅಭ್ಯಾಸವಾದವರು ಹೆಸರಿನ ಹೋಲಿಕೆಗೆ ಮಾರುಹೋಗಬಾರದು.

ನಡುಗಾಲದ ಸಾಕ್ಷ್ಯಕ್ಕೆ ಚೀನಾದ ಕಡೆ ನೋಡಬೇಕು. ಮಿಂಗ್ ಅರಸರು 1407ರಲ್ಲಿ ಸ್ಥಾಪಿಸಿದ ಭಾಷಾಂತರ ಕಚೇರಿಯಲ್ಲಿ ಬರ್ಮೀಸಿಗೂ ಒಂದು ವಿಭಾಗವಿತ್ತು. ಅಲ್ಲಿ ಬಳಕೆಯಾದ ಪದಕೋಶವು ಬರ್ಮೀಸ್ ಪದಗಳ ಉಚ್ಚಾರಣೆಯನ್ನು ಚೀನೀ ಅಕ್ಷರಗಳಲ್ಲಿ ಹಿಡಿದಿಟ್ಟಿದೆ. ಬರ್ಮೀಸ್ ಕಾಗುಣಿತ ಸಂಪ್ರದಾಯನಿಷ್ಠವಾದದ್ದರಿಂದ ಲಿಪಿಯ ಹೊರಗಿನ ಇಂತಹ ಸಾಕ್ಷ್ಯಕ್ಕೆ ತುಂಬಾ ಬೆಲೆಯಿದೆ.

ನಂತರದ ಕಾಲಕ್ಕೆ 1795ರಲ್ಲಿ ಮೈಕೆಲ್ ಸೈಮ್ಸ್ ಅವರ ರಾಯಭಾರದೊಂದಿಗೆ ಬರ್ಮಾದ ಆಸ್ಥಾನಕ್ಕೆ ಹೋದ ವೈದ್ಯ ಫ್ರಾನ್ಸಿಸ್ ಬುಕಾನನ್ ಪ್ರಕಟಿಸಿದ ತೌಲನಿಕ ಶಬ್ದಾವಳಿಯೂ ಇದೆ. ಟಿಪ್ಪುವಿನ ಪತನದ ಬಳಿಕ 1800–01ರಲ್ಲಿ ಮೈಸೂರು, ಕೆನರಾ ಸೀಮೆಗಳಲ್ಲಿ ಸಂಚರಿಸಿ ವಿವರವಾಗಿ ಬರೆದ ಬುಕಾನನ್ ಇವರೇ. ಅವರ ರೂಪಗಳು ಇಂಗ್ಲಿಷ್ ಕಿವಿಗೆ ಕೇಳಿದಂತೆ ಬರೆದವಾದ್ದರಿಂದ ಮೂಲದ ಕಾಗುಣಿತವನ್ನು ತಿದ್ದದೆ ಹಾಗೆಯೇ ನಕಲು ಮಾಡಿ, ನಿಮ್ಮ ಓದನ್ನು ಪಕ್ಕದ ಅಂಕಣದಲ್ಲಿ ಕೊಡಿ. ಬರಹದ ಬರ್ಮೀಸಿಗೆ 1852ರಲ್ಲಿ ಪ್ರಕಟವಾದ ಜಡ್ಸನ್ ಅವರ ನಿಘಂಟು ಮತ್ತು ಅದರ ಪರಿಷ್ಕೃತ ಆವೃತ್ತಿಗಳು ಇಂದಿಗೂ ಉಪಯುಕ್ತ. ಸೋದರ ಭಾಷೆಗಳಿಗೆ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ 1987ರಲ್ಲಿ ಆರಂಭವಾದ ಸ್ಟೆಡ್ಟ್ (ಸಿನೋ-ಟಿಬೆಟನ್ ವ್ಯುತ್ಪತ್ತಿ ಕೋಶ) ಯೋಜನೆಯ ದತ್ತಸಂಚಯದಿಂದ ಕೆಲಸ ಶುರುಮಾಡಬಹುದು, ಆದರೆ ಅಲ್ಲಿಂದ ತೆಗೆದ ಪ್ರತಿ ರೂಪಕ್ಕೂ ಅದರ ಮೂಲ ಆಕರವನ್ನೇ ಹುಡುಕಿ ನಮೂದಿಸಿ.

ಮೂರನೆಯ ಹಂತ: ಕೋಷ್ಟಕದ ರಚನೆ

ಒಂದು ಅರ್ಥಕ್ಕೆ ಒಂದು ಸಾಲು, ಒಂದು ಭಾಷೆಗೆ ಒಂದು ಅಂಕಣ ಎಂಬ ಪರಿಚಿತ ರಚನೆಯನ್ನು ಬಿಟ್ಟುಬಿಡಿ. ಒಂದು ಕೋಶದೊಳಗೆ ಮೂರು ರೂಪಗಳು ಸೇರಿದ ಕೂಡಲೇ ಅವುಗಳಲ್ಲಿ ಯಾವುದು ಎಲ್ಲಿಂದ ಬಂತೆಂಬುದು ಕಳೆದುಹೋಗುತ್ತದೆ. ಬದಲಾಗಿ ಪ್ರತಿಯೊಂದು ರೂಪಕ್ಕೂ ಸ್ವಂತ ಸಾಲು ಕೊಡಿ. ಆ ಸಾಲಿನಲ್ಲಿ ಎಂದೂ ಬದಲಾಗದ ಕ್ರಮಸಂಖ್ಯೆ, ಭಾಷೆ ಅಥವಾ ಉಪಭಾಷೆ, ಅರ್ಥ, ಆಕರದಲ್ಲಿರುವ ರೂಪ, ನಿಮ್ಮ ಲಿಪ್ಯಂತರ, ಉಚ್ಚಾರಣೆ, ಪದದ ವಿಭಜನೆ, ಆಕರ ಮತ್ತು ಪುಟ ಅಥವಾ ಸಾಲಿನ ಸಂಖ್ಯೆ, ಕಾಲ, ಎರವಲಿನ ಬಗ್ಗೆ ತೀರ್ಮಾನ, ಜ್ಞಾತಿಗುಂಪು (ಒಂದೇ ಮೂಲದಿಂದ ಬಂದ ಪದಗಳ ಗುಂಪು) ಮತ್ತು ಟಿಪ್ಪಣಿ ಇರಲಿ. ವಿದ್ವಾಂಸರು ಪುನಾರಚಿಸಿದ ರೂಪಗಳನ್ನು ಈ ಕೋಷ್ಟಕಕ್ಕೆ ಸೇರಿಸದೆ ಬೇರೆ ಹಾಳೆಯಲ್ಲಿಡಿ. ನಕ್ಷತ್ರಚಿಹ್ನೆಯ ಊಹಾರೂಪವೊಂದು ನಕಲು ಮಾಡುವಾಗ ಚಿಹ್ನೆ ಕಳೆದುಕೊಂಡು ನಿಜವಾದ ಪದದಂತೆ ಉಳಿದುಬಿಡುವ ಅಪಾಯ ದೊಡ್ಡದು.

ಗಣಕದಲ್ಲಿ ಬರ್ಮೀಸ್ ಲಿಪಿಯನ್ನು ತುಂಬುವ ಮುನ್ನ ಅಕ್ಷರಸಂಕೇತವನ್ನು ಪರೀಕ್ಷಿಸಿ. ಮ್ಯಾನ್ಮಾರ್ ಅಧಿಕೃತವಾಗಿ ಯುನಿಕೋಡಿಗೆ ಬದಲಾದದ್ದು 2019ರ ಅಕ್ಟೋಬರ್ 1ರಂದು. ಅದಕ್ಕಿಂತ ಹಿಂದಿನ ಅನೇಕ ಕಡತಗಳು ಜಾವ್‌ಜೀ ಅಕ್ಷರವಿನ್ಯಾಸದಲ್ಲಿವೆ. ಎರಡೂ ಒಂದೇ ಸಂಕೇತಗಳನ್ನು ಬೇರೆಬೇರೆ ಅಕ್ಷರಗಳಿಗೆ ಬಳಸುವುದರಿಂದ ಕಣ್ಣಿಗೆ ಸರಿಯಾಗಿ ಕಾಣುವ ಪದವು ಹುಡುಕಾಟಕ್ಕೆ ಸಿಗುವುದಿಲ್ಲ. ಬಂದ ಕಡತವನ್ನೆಲ್ಲ ಮೊದಲು ಯುನಿಕೋಡಿಗೆ ಪರಿವರ್ತಿಸಿ, ಮೂಲ ಕಡತವನ್ನು ಅಳಿಸದೆ ಪ್ರತ್ಯೇಕವಾಗಿ ಇಟ್ಟುಕೊಳ್ಳಿ.

ನಾಲ್ಕನೆಯ ಹಂತ: ಬರಹ ಮತ್ತು ಉಚ್ಚಾರಣೆಯನ್ನು ಬೇರ್ಪಡಿಸುವುದು

ಹೊಸಬರು ಹೆಚ್ಚು ಎಡವುವುದು ಇಲ್ಲಿ. ಇಂದಿನ ಯಾಂಗೊನ್ ಉಚ್ಚಾರಣೆಯು ಕಾಗುಣಿತದಿಂದ ಬಹುದೂರ ಸರಿದಿದೆ. ಬರಹದ ಚಕಾರವು ಇಂದು ಸಕಾರವಾಗಿ ಕೇಳಿಸುತ್ತದೆ. ಬರಹದ ಸಕಾರವು ನಾಲಿಗೆಯ ತುದಿಯನ್ನು ಹಲ್ಲುಗಳ ನಡುವೆ ಇಟ್ಟು ಹೊರಡಿಸುವ ಧ್ವನಿಯಾಗಿದೆ. ‘ತಿನ್ನು’ ಎಂಬರ್ಥದ ‘ಚಾಃ’ ಕಿವಿಗೆ ‘ಸಾ’ ಎಂದು ಬೀಳುತ್ತದೆ. ಅದನ್ನೇ ಹಿಡಿದು ಬೇರೆ ಭಾಷೆಗಳ ಸಕಾರದ ಪದಗಳನ್ನು ಹುಡುಕಿದರೆ ಶ್ರಮವೆಲ್ಲ ವ್ಯರ್ಥ. ಪದಾಂತ್ಯದಲ್ಲಿ ನಷ್ಟ ಇನ್ನೂ ಹೆಚ್ಚಿದೆ. ‘ಕೊಲ್ಲು’ ಎಂಬ ‘ಸತ್’, ‘ನಿಲ್ಲು’ ಎಂಬ ‘ರಪ್’ ಎರಡರ ಕೊನೆಯ ವ್ಯಂಜನಗಳೂ ಇಂದು ಗಂಟಲಿನ ಒಂದು ತಡೆಯಾಗಿ ಒಂದಾಗಿವೆ. ‘ಕೈ’ ಎಂಬ ‘ಲಕ್’ ಪದದಲ್ಲಿ ಕಕಾರ ಹೋದದ್ದಲ್ಲದೆ ಸ್ವರವೂ ಎಕಾರದತ್ತ ಸರಿದಿದೆ. ಟಿಬೆಟನ್ನಿನ ‘ಲಗ್’ ಜೊತೆ ಹೋಲಿಸಬೇಕಾದದ್ದು ಬರಹದ ರೂಪವನ್ನು.

ಆದರೆ ಬರಹವೂ ಕೊನೆಯ ಮಾತಲ್ಲ. ಇಂದಿನ ಕಾಗುಣಿತದ ಹಿಂದೆ ಶಾಸನರೂಪ ಇರುತ್ತದೆ. ‘ಸೂರ್ಯ’ ಎಂಬುದು ಇಂದು ‘ನೇ’, ಶಾಸನಗಳಲ್ಲಿ ‘ನಿಯ್’. ‘ಸಾಯು’ ಎಂಬುದು ಇಂದು ‘ಸೇ’, ಹಿಂದೆ ‘ಸಿಯ್’. ‘ನಾಲ್ಕು’ ಇಂದು ‘ಲೇಃ’, ಹಿಂದೆ ‘ಲಿಯ್’. ಟಿಬೆಟನ್ನಿನಲ್ಲಿ ಇವಕ್ಕೆ ‘ಞಿ’, ‘ಶಿ’, ‘ಬ್ಝಿ’ ಎಂಬ ರೂಪಗಳಿವೆ. ಏಕಾರವನ್ನು ಇಕಾರಕ್ಕೆ ಹೊಂದಿಸುವುದು ಬಲವಂತದಂತೆ ಕಂಡರೂ ಶಾಸನರೂಪವನ್ನು ನೋಡಿದ ಕೂಡಲೇ ಆ ಸಂಬಂಧ ಸಹಜವೆನಿಸುತ್ತದೆ.

ಹೀಗೆಯೇ ‘ನೆಲ’ ಎಂಬುದು ಇಂದಿನ ಕಾಗುಣಿತದಲ್ಲಿ ‘ಮ್ರೇ’, ಉಚ್ಚಾರಣೆಯಲ್ಲಿ ‘ಮ್ಯೇ’, ಶಾಸನಗಳಲ್ಲಿ ‘ಮ್ಲಿಯ್’. ಈ ಲಕಾರವು ದವೇ ಉಪಭಾಷೆಯಲ್ಲಿ ಇಂದಿಗೂ ‘ಮ್ಲೇ’ ಎಂದು ಜೀವಂತವಾಗಿದೆ. ರೇಫವನ್ನು ಯಾಂಗೊನ್ ನುಡಿಯು ಯಕಾರವಾಗಿಸಿದ್ದರೆ ರಖೈನ್ ಉಪಭಾಷೆ ಅದನ್ನು ಕಾಪಾಡಿಕೊಂಡಿದೆ. ಬರಹದಲ್ಲಿ ‘ರನ್‌ಕುನ್’ ಎಂದಿರುವ ನಗರವನ್ನು ನಮ್ಮ ಹಿರಿಯರು ರಂಗೂನ್ ಎಂದೂ ಇಂದಿನವರು ಯಾಂಗೊನ್ ಎಂದೂ ಕರೆಯುವುದರ ಹಿಂದೆ ಇದೇ ಭೇದವಿದೆ. ಆದ್ದರಿಂದ ಶಾಸನ, ಬರಹ, ಯಾಂಗೊನ್, ರಖೈನ್, ದವೇ ಎಂಬ ಐದು ಬಗೆಯ ರೂಪಗಳು ಪ್ರತಿ ಅರ್ಥಕ್ಕೂ ಇರುವಂತೆ ನೋಡಿಕೊಳ್ಳಿ. ಸಿಗದಿದ್ದಲ್ಲಿ ಖಾಲಿ ಬಿಡಿ. ಇತರ ಪದಗಳ ಮಾದರಿಯಲ್ಲಿ ಹೀಗಿರಬಹುದೆಂದು ನೀವೇ ತುಂಬಬೇಡಿ.

ಐದನೆಯ ಹಂತ: ಪದವನ್ನು ಬಿಡಿಸುವುದು

ಕ್ರಿಯಾಪದಗಳನ್ನು ಕೇಳಿದಾಗ ಭಾಷಿಕರು ಕೊನೆಯಲ್ಲಿ ‘ತಯ್’ ಸೇರಿಸಿ ಹೇಳುತ್ತಾರೆ, ನಿಘಂಟುಗಳು ‘ಸಞ್’ ಸೇರಿಸುತ್ತವೆ. ಇವೆರಡನ್ನೂ ಕಳಚಿ ಧಾತುವನ್ನು ಮಾತ್ರ ಹೋಲಿಕೆಗೆ ತೆಗೆದುಕೊಳ್ಳಬೇಕು. ನಾಮಪದಗಳ ಮೊದಲಿನ ‘ಅ’ ಕೂಡ ಹಲವೆಡೆ ಪ್ರತ್ಯಯ. ‘ಮೂಳೆ’ ಎಂಬ ‘ಅ-ರುಇಃ’ ಪದದಲ್ಲಿ ಟಿಬೆಟನ್ನಿನ ‘ರುಸ್’ಗೆ ಸಂಬಂಧಿಸಿದ್ದು ಎರಡನೆಯ ಭಾಗ. ‘ಕಣ್ಣು’ ಇಂದು ‘ಮ್ಯಕ್-ಚಿ’ ಎಂಬ ಸಮಾಸ; ಟಿಬೆಟನ್ ‘ಮಿಗ್’ ಜೊತೆ ಮೊದಲ ಭಾಗವನ್ನಷ್ಟೇ ಇಡಬೇಕು. ‘ಮುಖ’ ಎಂಬ ‘ಮ್ಯಕ್-ನ್ಹಾ’ ಪದದಲ್ಲಿಯೂ ಇದೇ ಭಾಗ ಬರುತ್ತದೆ. ಆದ್ದರಿಂದ ಜ್ಞಾತಿಗುಂಪಿನ ಸಂಖ್ಯೆಯನ್ನು ಇಡೀ ಪದಕ್ಕೆ ಕೊಡದೆ ಅದರ ಪ್ರತಿ ಭಾಗಕ್ಕೂ ಕೊಡಿ.

ಸಕರ್ಮಕ ಮತ್ತು ಅಕರ್ಮಕ ಜೋಡಿಗಳ ಬಗ್ಗೆ ವಿಶೇಷ ಗಮನ ಬೇಕು. ‘ಪ್ರತ್’ ಎಂದರೆ ತುಂಡಾಗು, ‘ಫ್ರತ್’ ಎಂದರೆ ತುಂಡುಮಾಡು. ‘ಕ್ಯ’ ಎಂದರೆ ಬೀಳು, ‘ಖ್ಯ’ ಎಂದರೆ ಕೆಳಗಿಳಿಸು. ‘ನುಇಃ’ ಎಂದರೆ ಎಚ್ಚರಾಗು, ‘ನ್ಹುಇಃ’ ಎಂದರೆ ಎಚ್ಚರಿಸು. ಒಂದು ಭಾಷೆಯಿಂದ ಅಲ್ಪಪ್ರಾಣದ ರೂಪವನ್ನೂ ಇನ್ನೊಂದರಿಂದ ಮಹಾಪ್ರಾಣದ ರೂಪವನ್ನೂ ತಂದು ಎದುರುಬದುರು ಇಟ್ಟರೆ ಇಲ್ಲದ ಧ್ವನಿನಿಯಮವೊಂದು ಹುಟ್ಟಿಕೊಳ್ಳುತ್ತದೆ. ಜೋಡಿಯ ಎರಡೂ ರೂಪಗಳನ್ನು ಕೇಳಿ ದಾಖಲಿಸಿಕೊಳ್ಳಿ.

ಆರನೆಯ ಹಂತ: ಎರವಲುಗಳನ್ನು ಗುರುತಿಸುವುದು

ಪಾಳಿ, ಸಂಸ್ಕೃತದ ಎರವಲುಗಳನ್ನು ಹಿಡಿಯುವಲ್ಲಿ ಕನ್ನಡ ಓದುಗರಿಗೆ ಸಹಜವಾದ ಅನುಕೂಲವಿದೆ. ‘ಭಾಸಾ’, ‘ಚಿತ್’, ‘ಧಾತ್’, ‘ರುಪ್’ ಇವುಗಳ ಮೂಲವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಟಠಡಢಣ, ಘಧ ಮತ್ತು ಳಕಾರಗಳು ಬಹುಮಟ್ಟಿಗೆ ಇಂತಹ ಪದಗಳಲ್ಲಿಯೇ ಬರುತ್ತವೆ. ಭಕಾರ ಮಾತ್ರ ‘ಯಾವ’ ಎಂಬರ್ಥದ ‘ಭಯ್’ನಂತಹ ದೇಶ್ಯ ಪದಗಳಲ್ಲಿಯೂ ಇದೆ, ಹಾಗಾಗಿ ಅಕ್ಷರವೊಂದನ್ನೇ ನೆಚ್ಚಬಾರದು. ‘ಅಮ್ರುಇಕ್’ ಎಂಬ ಪದವು ಪಾಳಿಯ ‘ಅಮತ’ದಿಂದ ಬಂದಿರಲಾರದು, ಅದರಲ್ಲಿ ಉಳಿದಿರುವ ರೇಫವು ಸಂಸ್ಕೃತದ ‘ಅಮೃತ’ವನ್ನೇ ತೋರಿಸುತ್ತದೆ. ಎರವಲಿನ ಅಂಕಣದಲ್ಲಿ ‘ಭಾರತೀಯ ಮೂಲ’ ಎಂದಷ್ಟೇ ಬರೆಯದೆ ಇಂತಹ ಭೇದವನ್ನೂ ಕಾರಣವನ್ನೂ ಬರೆಯಿರಿ.

‘ಹೆಸರು’ ಎಂಬರ್ಥದ ‘ನಾಮಞ್’ ಇನ್ನೂ ಸೂಕ್ಷ್ಮವಾದದ್ದು. ಮೊದಲ ಭಾಗ ಪಾಳಿಯ ‘ನಾಮ’. ಕೊನೆಯ ‘ಮಞ್’ ದೇಶ್ಯವಾದದ್ದು. ‘ಅಮಞ್’ ಪದದಲ್ಲಿ ಅದು ಸ್ವತಂತ್ರವಾಗಿ ಕಾಣುತ್ತದೆ ಮತ್ತು ಟಿಬೆಟನ್ನಿನ ‘ಮಿಙ್’ಗೆ ಜ್ಞಾತಿ. ಎರವಲೆಂದು ಇಡೀ ಪದವನ್ನು ಹೊರಗಿಟ್ಟರೆ ಒಳ್ಳೆಯ ಜ್ಞಾತಿಪದವೊಂದು ಕೈತಪ್ಪುತ್ತದೆ. ಮೋನ್ ಕಡೆಯ ಎರವಲುಗಳು ನಮಗೆ ಸುಲಭವಾಗಿ ಕಾಣುವುದಿಲ್ಲ. ಇಂದು ‘ಕ್ಯಾಃ’ ಎಂದು ಬರೆಯುವ ಹುಲಿಯ ಹೆಸರು ಹಿಂದೆ ಲಕಾರದಿಂದ ಕೂಡಿದ ‘ಕ್ಲಾ’ ಆಗಿತ್ತು. ಮೋನ್ ಮತ್ತು ಇತರ ಆಸ್ಟ್ರೋಏಷ್ಯಾಟಿಕ್ ಭಾಷೆಗಳಲ್ಲಿ ಇದರ ಸರೀಕ ರೂಪಗಳು ಹರಡಿವೆ. ಹೀಗಾಗಿ ಪ್ರಾಣಿ, ಲೋಹ, ಬೆಳೆಗಳ ಹೆಸರುಗಳಿಗೆ ಮೋನ್ ಹಾಗೂ ಶಾನ್ ರೂಪಗಳನ್ನೂ ಪಕ್ಕದಲ್ಲಿ ತಂದಿಟ್ಟುಕೊಳ್ಳುವುದು ಕ್ಷೇಮ.

ಏಳನೆಯ ಹಂತ: ಜ್ಞಾತಿಗುಂಪುಗಳನ್ನು ಕಟ್ಟುವುದು

ಒಂದು ಪದ ಇನ್ನೊಂದರಂತೆ ಕೇಳಿಸುತ್ತದೆ ಎಂಬುದು ಜ್ಞಾತಿತ್ವಕ್ಕೆ ಆಧಾರವಲ್ಲ. ಅದೇ ಹೊಂದಾಣಿಕೆ ಬೇರೆ ಪದಗಳಲ್ಲಿಯೂ ಮರಳಿ ಬರಬೇಕು. ‘ಹಾವು’ ಬರಹದ ಬರ್ಮೀಸಿನಲ್ಲಿ ‘ಮ್ರ್ವೇ’, ಹಳೆಯದರಲ್ಲಿ ‘ಮ್ರುಯ್’, ಟಿಬೆಟನ್ನಿನಲ್ಲಿ ‘ಸ್ಬ್ರುಲ್’. ‘ಬೆಳ್ಳಿ’ ಬರಹದಲ್ಲಿ ‘ಙ್ವೇ’, ಹಳೆಯದರಲ್ಲಿ ‘ಙುಯ್’, ಟಿಬೆಟನ್ನಿನಲ್ಲಿ ‘ದ್ಙುಲ್’. ಟಿಬೆಟನ್ನಿನ ‘ಉಲ್’ಗೆ ಹಳೆಯ ಬರ್ಮೀಸಿನ ‘ಉಯ್’ ಎರಡು ಕಡೆ ಎದುರಾಗಿದೆ. ಬೆಳ್ಳಿಯ ಹೆಸರು ವ್ಯಾಪಾರದೊಂದಿಗೆ ಸಂಚರಿಸಿರಬಹುದಾದ್ದರಿಂದ ಹಾವಿನ ಪದಕ್ಕೆ ಹೆಚ್ಚು ತೂಕ ಕೊಡುವುದು ನ್ಯಾಯ. ಇನ್ನು ‘ನಾಯಿ’ ಎಂಬ ‘ಖ್ವೇಃ’ ಪದವೂ ಬರಹದಲ್ಲಿ ‘ವೇ’ ಎಂದೇ ಕೊನೆಗೊಳ್ಳುತ್ತದೆ, ಆದರೆ ಟಿಬೆಟನ್ ರೂಪ ‘ಖ್ಯಿ’; ಅಲ್ಲಿ ಲಕಾರದ ಸುಳಿವಿಲ್ಲ. ಅಂದರೆ ಬರ್ಮೀಸಿನ ಒಂದೇ ಅಂತ್ಯದ ಹಿಂದೆ ಎರಡು ಮೂಲಗಳಿರಬಹುದು, ಹೊಂದಾಣಿಕೆಯ ಪಟ್ಟಿಯಲ್ಲಿ ಅವಕ್ಕೆ ಎರಡು ಸಾಲುಗಳೇ ಬೇಕು.

‘ಮೂಗು’ ಎಂಬ ‘ನ್ಹಾ’ಗೆ ಟಿಬೆಟನ್ ‘ಸ್ನ’, ‘ಕಿವಿ’ ಎಂಬ ‘ನಾಃ’ಗೆ ‘ರ್ನ’. ಇದನ್ನು ನೋಡಿ ಬರ್ಮೀಸಿನ ‘ನ್ಹ’ ಎಲ್ಲ ಕಡೆಯೂ ಸಕಾರಪೂರ್ವದ ನಕಾರದಿಂದ ಬಂದಿದೆ ಎಂದು ತೀರ್ಮಾನಿಸುವ ಆಸೆಯಾಗುತ್ತದೆ. ಆದರೆ ‘ಎರಡು’ ಎಂಬ ‘ನ್ಹಚ್’ಗೆ ಟಿಬೆಟನ್ ರೂಪ ‘ಗ್ಞಿಸ್’. ಹೊಂದದ ಪದಗಳನ್ನು ಅಳಿಸದೆ ‘ಅಪವಾದ’ ಎಂಬ ಗುರುತಿನೊಂದಿಗೆ ಉಳಿಸಿಕೊಳ್ಳಿ. ಮುಂದಿನ ಶೋಧನೆಗಳು ಬಹುಪಾಲು ಅಲ್ಲಿಂದಲೇ ಹುಟ್ಟುತ್ತವೆ. ಮಾರು ಭಾಷೆ ಇದಕ್ಕೆ ಒಳ್ಳೆಯ ನಿದರ್ಶನ. ಬರ್ಮೀಸಿನ ಕೆಲವು ಸ್ವರಾಂತ ಪದಗಳಿಗೆ ಅಲ್ಲಿ ಕಕಾರ, ತಕಾರಗಳ ಅಂತ್ಯ ಕಾಣುತ್ತದೆ. ಅವು ಪ್ರಾಚೀನ ವ್ಯಂಜನಗಳ ಉಳಿಕೆ ಎಂದು ತೋರಿದರೂ ಮಾರುವಿನಲ್ಲೇ ನಂತರ ಬೆಳೆದವು ಎಂಬ ಅಭಿಪ್ರಾಯಕ್ಕೇ ಹೆಚ್ಚಿನ ಬೆಂಬಲವಿದೆ. ಜೈವಾ, ಲಾಶಿ, ಮಾರುಗಳಲ್ಲಿ ಸ್ವರವನ್ನು ಬಿಗಿಯಾಗಿ ಉಚ್ಚರಿಸುವುದಕ್ಕೂ ಸಡಿಲವಾಗಿ ಉಚ್ಚರಿಸುವುದಕ್ಕೂ ಅರ್ಥಭೇದವಿದೆ. ರಾಬಿನ್ಸ್ ಬರ್ಲಿಂಗ್ ಅವರ 1967ರ ಪುನಾರಚನೆಯಲ್ಲಿ ಈ ಭೇದಕ್ಕೆ ಮಹತ್ವದ ಪಾತ್ರವಿದೆ. ಹಳೆಯ ಆಕರದಲ್ಲಿ ಅದನ್ನು ಗುರುತಿಸಿಲ್ಲವಾದರೆ ಆ ಕೊರತೆಯನ್ನು ಟಿಪ್ಪಣಿಯಲ್ಲಿ ಹೇಳಿ.

ಗಣಕದ ತಂತ್ರಾಂಶಗಳು ಜ್ಞಾತಿಗುಂಪುಗಳನ್ನು ತಾವೇ ಸೂಚಿಸಬಲ್ಲವು. ಆ ಸೂಚನೆಯನ್ನೂ ನಿಮ್ಮ ತೀರ್ಮಾನವನ್ನೂ ಬೇರೆ ಅಂಕಣಗಳಲ್ಲಿ ಇಡಿ.

ಎಂಟನೆಯ ಹಂತ: ಭಾಷಿಕರೊಂದಿಗೆ ಕೆಲಸ

2021ರ ಫೆಬ್ರವರಿಯ ಸೇನಾದಂಗೆಯ ನಂತರ ಮ್ಯಾನ್ಮಾರಿನ ಹಲವು ಪ್ರದೇಶಗಳಲ್ಲಿ ಕ್ಷೇತ್ರಕಾರ್ಯ ಕಷ್ಟವಾಗಿದೆ. ಭಾರತದಲ್ಲಿರುವವರಿಗೆ ತ್ರಿಪುರಾದ ಮೊಗ್ ಸಮುದಾಯ ಹತ್ತಿರದ ದಾರಿ. ಅವರ ನುಡಿ ರಖೈನ್ ಉಪಭಾಷೆಗೆ ನಿಕಟವಾದದ್ದು. ಬಾಂಗ್ಲಾದೇಶದ ಚಿತ್ತಗಾಂಗ್ ಬೆಟ್ಟಸೀಮೆಯ ಮರ್ಮಾ ಜನರ ಮಾತೂ ಇದೇ ಬಗೆಯದು.

ಪ್ರತಿ ಪದವನ್ನು ಬಿಡಿಯಾಗಿಯೂ ಚಿಕ್ಕ ವಾಕ್ಯದೊಳಗೂ ಹೇಳಿಸಿ ಧ್ವನಿಮುದ್ರಿಸಿ. ಬರ್ಮೀಸಿನಲ್ಲಿ ಪದದ ನಡುವಿನ ಅಘೋಷ ವ್ಯಂಜನ ಘೋಷವಾಗುವುದೂ ಮೊದಲ ಸ್ವರ ಕುಗ್ಗುವುದೂ ಸಾಮಾನ್ಯ. ‘ಮಾತು’ ಎಂಬ ‘ಚಕಾಃ’ ಕಿವಿಗೆ ‘ಜಗಾ’ ಎಂಬಂತೆ ಬೀಳುತ್ತದೆ. ತಾನಭೇದವನ್ನು (ದನಿಯ ಏರಿಳಿತದಿಂದ ಅರ್ಥ ಬದಲಾಗುವುದನ್ನು) ಒಂದೇ ಸಲದ ಉಚ್ಚಾರಣೆಯಿಂದ ತೀರ್ಮಾನಿಸದೆ, ತಾನದಲ್ಲಿ ಮಾತ್ರ ಭಿನ್ನವಾದ ಪದಗಳನ್ನು ಒಂದರ ಹಿಂದೊಂದು ಹೇಳಿಸಿ ಕೇಳಿ: ‘ನಾನು’ ಎಂಬುದು ‘ಙಾ’, ‘ಐದು’ ಮತ್ತು ‘ಮೀನು’ ಎರಡೂ ‘ಙಾಃ’. ಭಾಷಿಕರ ಹೆಸರು, ಊರು ಪ್ರಕಟವಾಗುವುದರಿಂದ ಅವರಿಗೆ ಅಪಾಯ ಒದಗಬಹುದಾದಲ್ಲಿ ಸಂಕೇತಾಕ್ಷರ ಮತ್ತು ಪ್ರದೇಶದ ವಿಶಾಲ ಹೆಸರಷ್ಟನ್ನೇ ಬಳಸಿ. ಹೆಸರು ಬರಲಿ ಎಂದು ಬಯಸುವವರಿಗೆ ಆ ಗೌರವ ಸಲ್ಲಬೇಕು. ತೀರ್ಮಾನ ಅವರದ್ದೇ ಆಗಿರಲಿ.

ಪಟ್ಟಿಯನ್ನು ಪ್ರಕಟಿಸುವಾಗ ಕೋಷ್ಟಕವನ್ನು ಸರಳ ಪಠ್ಯರೂಪದ ಕಡತವಾಗಿ, ಆವೃತ್ತಿಸಂಖ್ಯೆ ಮತ್ತು ಬಳಕೆಯ ಷರತ್ತಿನೊಂದಿಗೆ ಕೊಡಿ. ತಿದ್ದುಪಡಿ ಬಂದಾಗ ಹಳೆಯ ಸಾಲನ್ನು ಅಳಿಸದೆ ‘ಕೈಬಿಟ್ಟಿದೆ’ ಎಂದು ಗುರುತಿಸಿ, ಹೊಸ ರೂಪಕ್ಕೆ ಹೊಸ ಕ್ರಮಸಂಖ್ಯೆ ಕೊಟ್ಟು, ಬದಲಾವಣೆಗೆ ಕಾರಣವಾದ ಆಕರವನ್ನು ಅದರ ಟಿಪ್ಪಣಿಯಲ್ಲಿ ನಮೂದಿಸಿ.